ಒಂದೇ ಸೂರು, ನಾಲ್ಕು ಕ್ಲಾಸು

"ಸಿನಿಮಾ ಈಗ ಅಂಗೈಯಲ್ಲೇ ಬರುತ್ತಲ್ಲ ಸ್ವಾಮಿ, ಅದಕ್ಕೊಂದು ಟಾಕೀಸು ಯಾಕೆ ಬೇಕು ಹೇಳಿ?" ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಆಗಾಗ ಈ ಪ್ರಶ್ನೆ ಕೇಳುತ್ತಾರೆ. ಉತ್ತರ ಅವರಿಗೂ ಗೊತ್ತು. ಟಾಕೀಸಿನ ಮಾತು ತೆಗೆದರೆ ನನಗೆ ಖುಷಿಯಾಗುತ್ತದೆ ಎಂಬ ಪ್ರೀತಿ ಅವರದು. ಜಿಲ್ಲಾ ಕೇಂದ್ರವೊಂದರ ಟಾಕೀಸಿನಲ್ಲಿ ಮ್ಯಾನೇಜರಾಗಿ ದುಡಿದು ನಿವೃತ್ತನಾದವನು ನಾನು. ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಹೇಳುವ ಉತ್ಸಾಹ ತಗ್ಗುವುದಿಲ್ಲ. ಅಂಗೈಗೆ ಬರುವುದು ಸಿನಿಮಾ ಮೇಷ್ಟ್ರೇ. ಟಾಕೀಸಿಗೆ ಬರುತ್ತಿದ್ದದ್ದು ಊರು.

ನಮ್ಮ ಟಾಕೀಸಿನಲ್ಲಿ ನಾಲ್ಕು ಕ್ಲಾಸು. ಪರದೆಯ ಬುಡದಲ್ಲೇ ಗಾಂಧಿ ಕ್ಲಾಸು. ಅದರ ಹಿಂದೆ ಬೆಂಚಿನ ಸೆಕೆಂಡ್ ಕ್ಲಾಸು, ಆಮೇಲೆ ಕುರ್ಚಿಯ ಫಸ್ಟ್ ಕ್ಲಾಸು, ಮಹಡಿಯ ಮೇಲೆ ಬಾಲ್ಕನಿ. ಗಾಂಧಿ ಕ್ಲಾಸಿನಲ್ಲಿ ಮಂಡಿಯ ಹಮಾಲಿಗಳು, ಜಟಕಾ ಹೊಡೆಯುವವರು, ಸಂತೆ ಮುಗಿಸಿ ಬಂದ ರೈತರು. ಬಾಲ್ಕನಿಯಲ್ಲಿ ವಕೀಲರು, ಡಾಕ್ಟರು, ತಾಲ್ಲೂಕು ಕಚೇರಿಯ ಸಾಹೇಬರು. ಟಿಕೆಟ್ ಕೊಡುವ ಕಿಟಕಿ ಬೇರೆ ಬೇರೆ, ಒಳಗೆ ಹೋಗುವ ಬಾಗಿಲೂ ಬೇರೆ ಬೇರೆ. ದೀಪ ಆರಿದ ಮೇಲೆ ಮಾತ್ರ ಎಲ್ಲರದೂ ಒಂದೇ ನಗು. ನರಸಿಂಹರಾಜು, ಬಾಲಕೃಷ್ಣ ಪರದೆಗೆ ಬಂದರೆ ಗಾಂಧಿ ಕ್ಲಾಸಿನಲ್ಲಿ ಎದ್ದ ನಗು ಬೆಂಚು ದಾಟಿ ಬಾಲ್ಕನಿ ಹತ್ತುತ್ತಿತ್ತು. ಪಂಡರಿಬಾಯಿ ಅತ್ತರೆ ಮೇಲಿನ ಕರ್ಚೀಫು, ಕೆಳಗಿನ ಸೆರಗು ಒಟ್ಟಿಗೇ ಕಣ್ಣೊರೆಸುತ್ತಿದ್ದವು. ಊರ ಬಾವಿಯ ಹತ್ತಿರ, ಗುಡಿಯ ಬಾಗಿಲಲ್ಲಿ ದೂರ ನಿಲ್ಲಬೇಕಾಗಿದ್ದವರೂ ಇಲ್ಲಿ ಕಾಸು ಕೊಟ್ಟು, ಟಿಕೆಟ್ ಹರಿಸಿಕೊಂಡು, ತಲೆಯೆತ್ತಿ ಕೂತರು. ನೀನು ಯಾರ ಪೈಕಿ ಅಂತ ಕೇಳುವ ಪದ್ಧತಿ ಬುಕಿಂಗ್ ಕಿಟಕಿಯಲ್ಲಿ ಇರಲಿಲ್ಲ. ಟಾಕೀಸಿನ ಬಗ್ಗೆ ನನಗಿರುವ ದೊಡ್ಡ ಅಭಿಮಾನ ಇದೇ.

ಮೇಷ್ಟ್ರ ಮೊಮ್ಮಗಳು ಒಮ್ಮೆ ಕೇಳಿದಳು: "ತಾತ, ಅಲ್ಲಿ ಒಂದೇ ಸಿನಿಮಾನಾ? ಅದು ಇಷ್ಟ ಆಗದಿದ್ರೆ?" ಒಂದೇ ಸಿನಿಮಾ ಕಂದಾ. ಆ ವಾರ ನಿಮ್ಮ ತಾತ ನೋಡಿದ್ದನ್ನೇ ಹಾಲಿನವನೂ ನೋಡಿದ್ದ, ಪೋಸ್ಟ್ ಮಾಸ್ತರೂ ನೋಡಿದ್ದರು. ಹಾಗಾಗಿ ಸೋಮವಾರ ಬೆಳಿಗ್ಗೆ ಕ್ಷೌರದ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. ಚೆನ್ನಾಗಿಲ್ಲದ ಸಿನಿಮಾವನ್ನು ಎಲ್ಲರೂ ಸೇರಿ ಬಯ್ಯುವುದರಲ್ಲೂ ಒಂದು ಸುಖ ಇತ್ತು.

ಟಾಕೀಸು ನಮ್ಮ ನಾಡಿಗೆ ಬಂದ ದಾರಿಯೂ ಹೇಳಬೇಕಾದ್ದೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಅಲ್ಲಿಯವರೆಗೆ ಕಂಪನಿ ನಾಟಕದಲ್ಲಿ ಕೇಳುತ್ತಿದ್ದ ಕನ್ನಡವನ್ನು ಜನ ಅಂದು ಪರದೆಯಿಂದ ಕೇಳಿದರು. ಸಣ್ಣ ಊರುಗಳಿಗೆ ಮಾತ್ರ ಸಿನಿಮಾ ಬಂದದ್ದು ಡೇರೆಯ ಮೂಲಕ. ಟೂರಿಂಗ್ ಟಾಕೀಸು ಅಂದರೆ ಮೇಲೆ ಟೆಂಟಿನ ಬಟ್ಟೆ, ಕೆಳಗೆ ಮರಳು, ಒಂದು ಜನರೇಟರು, ಒಂದೇ ಪ್ರೊಜೆಕ್ಟರು. ಪ್ರೊಜೆಕ್ಟರು ಒಂದೇ ಆದ್ದರಿಂದ ರೀಲು ಬದಲಿಸುವಾಗೆಲ್ಲ ದೀಪ ಹತ್ತಬೇಕು. ಒಂದು ಸಿನಿಮಾಕ್ಕೆ ನಾಲ್ಕಾರು ಇಂಟರ್‌ವಲ್ಲು. ಕಡ್ಲೆಕಾಯಿ ಮಾರುವವನಿಗೆ ಅದೇ ಸುಗ್ಗಿ. ಸಂಜೆ ಘಂಟಸಾಲರ 'ನಮೋ ವೆಂಕಟೇಶ' ತಟ್ಟೆ ಹಾಕಿದರೆ ಸುತ್ತಲಿನ ಹಳ್ಳಿಗಳಿಗೆ ಅದೇ ಗಂಟೆ. ಆ ಹಾಡು ಕೇಳುತ್ತಲೇ ಹೆಂಗಸರು ಒಲೆ ಆರಿಸಿ, ಮಕ್ಕಳನ್ನು ಎಬ್ಬಿಸಿಕೊಂಡು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ಹಾಡು ತೆಲುಗಿನದು, ಬರುತ್ತಿದ್ದ ಜನ ಕನ್ನಡದವರು. ಅದು ಯಾರಿಗೂ ಅಡ್ಡಿ ಅನ್ನಿಸಲಿಲ್ಲ.

ಡೇರೆ ಹೋಗಿ ಕಲ್ಲುಗೋಡೆಯ ಕಾಯಂ ಟಾಕೀಸು ಬಂದ ಮೇಲೆ ಮ್ಯಾನೇಜರ ಕೆಲಸಕ್ಕೆ ಒಂದು ಗತ್ತು ಬಂತು. ಶುಕ್ರವಾರ ಬೆಳಗಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಬಾಕ್ಸ್ ಬಂತಾ?" ಬೆಂಗಳೂರಿನ ಗಾಂಧಿನಗರದಲ್ಲಿ ಹಂಚಿಕೆದಾರರ ಕಚೇರಿ, ಅಲ್ಲಿಂದ ಬಸ್ಸಿನ ಮೇಲೆ ರೀಲಿನ ತಗಡಿನ ಪೆಟ್ಟಿಗೆ ಬರಬೇಕು. ಬಸ್ಸು ತಡವಾದರೆ ಮಾರ್ನಿಂಗ್ ಶೋ ತಡ. ಗೇಟಿನ ಹೊರಗೆ ಜನ, ಒಳಗೆ ನಾನು, ನಡುವೆ ಗೇಟ್‌ಕೀಪರು. ಪೆಟ್ಟಿಗೆ ಇಳಿದೊಡನೆ ಕರ್ಪೂರ ಹಚ್ಚಿ, ನಿಂಬೆಹಣ್ಣು ಕೊಯ್ದು ಒಳಗೆ ಒಯ್ಯುತ್ತಿದ್ದರು. ಅದರ ಜೊತೆಗೇ ಹಂಚಿಕೆದಾರರ ಪ್ರತಿನಿಧಿಯೂ ಬರುತ್ತಿದ್ದ. ಪ್ರತಿ ಆಟ ಮುಗಿದ ಮೇಲೆ ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತು, ಎಷ್ಟು ಹಣ ಬಂತು, ತೆರಿಗೆ ಎಷ್ಟು ಎಂದು ಡಿಸಿಆರ್, ಅಂದರೆ ದಿನದ ಗಳಿಕೆಯ ವರದಿ, ಬರೆದು ಇಬ್ಬರೂ ಸಹಿ ಹಾಕಬೇಕು. ಲೆಕ್ಕ ಪೈಸೆಗೆ ಪೈಸೆ ತಾಳೆಯಾಗದೆ ನಾನು ಊಟಕ್ಕೆ ಏಳುತ್ತಿರಲಿಲ್ಲ.

ಆದರೆ ಟಾಕೀಸಿನ ನಿಜವಾದ ಯಜಮಾನ ಮೇಲಿನ ಕ್ಯಾಬಿನ್ನಿನಲ್ಲಿದ್ದ. ನಮ್ಮ ಆಪರೇಟರಿನ ಕೈಕೆಲಸ ನೋಡಿದವರಿಗೆ ಸಿನಿಮಾ ಎಷ್ಟು ಭಾರದ ವಸ್ತು ಎಂದು ಗೊತ್ತಾಗುತ್ತಿತ್ತು. ಸೆಕೆಂಡಿಗೆ 24 ಚಿತ್ರ, ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರ. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಮೀರಿದ ಉದ್ದ. ಮೇಷ್ಟ್ರು ಈ ಲೆಕ್ಕ ಕೇಳಿ, ಬೆರಳಲ್ಲೇ ಗುಣಿಸಿ ನೋಡಿ, "ಹೌದಲ್ಲ!" ಎಂದು ಕಣ್ಣರಳಿಸಿದ್ದರು. ಅಷ್ಟು ಫಿಲ್ಮು ದಿನಕ್ಕೆ ನಾಲ್ಕು ಸಲ ಆ ಯಂತ್ರದ ಹಲ್ಲುಗಳ ಮೇಲೆ ಹರಿದು ಹೋಗಬೇಕು, ಆಟ ಮುಗಿದ ಮೇಲೆ ಕೈಯಿಂದ ತಿರುಗಿಸಿ ಹಿಂದಕ್ಕೆ ಸುತ್ತಬೇಕು.

ಬೆಳಕು ಬರುತ್ತಿದ್ದದ್ದು ಕಾರ್ಬನ್ ಕಡ್ಡಿಗಳಿಂದ. ಎರಡು ಕಡ್ಡಿಗಳ ತುದಿಯನ್ನು ಎದುರುಬದುರು ಹಿಡಿದು ವಿದ್ಯುತ್ ಹರಿಸಿದರೆ ನಡುವೆ ಕಣ್ಣು ಕೋರೈಸುವ ಉರಿ. ಕಡ್ಡಿ ಉರಿದಂತೆ ಸವೆಯುತ್ತದೆ, ನಡುವಿನ ಅಂತರ ಹೆಚ್ಚುತ್ತದೆ. ಕಪ್ಪು ಗಾಜಿನಿಂದ ನೋಡುತ್ತಾ ಅದನ್ನು ಮತ್ತೆ ಮತ್ತೆ ಸರಿಪಡಿಸುತ್ತಿರಬೇಕು. ಆಪರೇಟರ್ ಒಂದು ಗಳಿಗೆ ಮೈಮರೆತರೂ ಪರದೆಯ ಮೇಲೆ ಎಲ್ಲರ ಮುಖ ಹಳದಿಯಾಗಿ ಕೆಳಗಿನಿಂದ ಸಿಳ್ಳೆ ಏಳುತ್ತಿತ್ತು. ಒಂದು ಪ್ರೊಜೆಕ್ಟರಿನ ಸ್ಪೂಲು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರಬೇಕು. ಪರದೆಯ ಬಲ ಮೂಲೆಯಲ್ಲಿ ಮೇಲೆ ಒಂದು ಚುಕ್ಕೆ ಮಿಂಚುತ್ತದೆ. ಎರಡನೇ ಯಂತ್ರದ ಮೋಟಾರು ಚಾಲೂ. ಏಳು ಸೆಕೆಂಡಿನ ನಂತರ ಇನ್ನೊಂದು ಚುಕ್ಕೆ. ಆ ಕ್ಷಣಕ್ಕೆ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ಕೆಳಗೆ ಕೂತ ಸಾವಿರ ಜನರಲ್ಲಿ ಒಬ್ಬರಿಗೂ ಗೊತ್ತಾಗಬಾರದು. ಫಿಲ್ಮು ಹರಿದರೆ ಬ್ಲೇಡಿನಿಂದ ಅಂಚು ಕೆರೆದು, ಸಿಮೆಂಟ್ ಎಂಬ ಅಂಟು ಹಚ್ಚಿ, ಒತ್ತಿ ಹಿಡಿದು ಸೇರಿಸುವುದೂ ಅವನೇ. ಬೇಸಿಗೆಯಲ್ಲಿ ಆ ಕ್ಯಾಬಿನ್ನಿನ ಶಾಖ ಸಹಿಸಿಕೊಂಡು ನಿಂತವರಿಗೆ ಯಾವ ಸಿನಿಮಾದ ಟೈಟಲ್ ಕಾರ್ಡಿನಲ್ಲೂ ಹೆಸರಿಲ್ಲ. ನನಗೆ ಇವತ್ತಿಗೂ ಅದು ಅನ್ಯಾಯ ಅನ್ನಿಸುತ್ತದೆ.

ಸಿನಿಮಾಕ್ಕೆ ಮುಂಚಿನ ಆ ಹತ್ತು ಹದಿನೈದು ನಿಮಿಷವೂ ನನಗೆ ಇಷ್ಟ. ಗಾಜಿನ ಸ್ಲೈಡುಗಳು ಒಂದೊಂದಾಗಿ ಬರುತ್ತಿದ್ದವು: ಊರಿನ ಜವಳಿ ಅಂಗಡಿ, ಬೀಡಿ, ಹಲ್ಲುಪುಡಿ, ಮುಂದಿನ ಬದಲಾವಣೆ. ಆಮೇಲೆ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ. 1948ರಲ್ಲಿ ಶುರುವಾದ ಆ ಸಂಸ್ಥೆಯ ಚಿತ್ರಗಳನ್ನು ತೋರಿಸುವುದು ಟಾಕೀಸುಗಳಿಗೆ ಕಡ್ಡಾಯವಾಗಿತ್ತು. ಬರ, ಪ್ರವಾಹ, ಅಣೆಕಟ್ಟು, ನೆಹರೂ ಭಾಷಣ ಎಲ್ಲವನ್ನೂ ನಮ್ಮ ಹಳ್ಳಿಗರು ಕಣ್ಣಾರೆ ಕಂಡದ್ದು ಅದರಲ್ಲೇ. ಸ್ಲೈಡಿನಿಂದ ಇನ್ನೊಂದು ಉಪಕಾರವೂ ಆಗುತ್ತಿತ್ತು. ಒಮ್ಮೆ ಸೆಕೆಂಡ್ ಶೋ ನಡೆಯುತ್ತಿದ್ದಾಗ ಹೆರಿಗೆಗೆ ಕಷ್ಟವಾಗಿದೆ ಎಂದು ಒಬ್ಬಾತ ಸೈಕಲ್ಲಿನಲ್ಲಿ ಓಡಿಬಂದ. ಡಾಕ್ಟರು ಬಾಲ್ಕನಿಯಲ್ಲಿ ಎಲ್ಲೋ ಇದ್ದಾರೆ. ಮಸಿ ಬಳಿದ ಗಾಜಿನ ಮೇಲೆ ಕಡ್ಡಿಯಿಂದ ಕೆರೆದು, 'ಡಾಕ್ಟರು ದಯವಿಟ್ಟು ಹೊರಗೆ ಬನ್ನಿ' ಎಂದು ಪರದೆಯ ಮೇಲೆ ಹಾಕಿಸಿದೆ. ಡಾಕ್ಟರು ದಡಬಡನೆ ಇಳಿದು ಬಂದರು. ಸಿನಿಮಾ ನಿಂತದ್ದಕ್ಕೆ ಅವತ್ತು ಒಬ್ಬನೂ ಸಿಳ್ಳೆ ಹೊಡೆಯಲಿಲ್ಲ.

ಜನರ ಜೀವದ ಮಾತು ಬಂತು, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. ಹೊರಗೆ ಹೋಗುವ ದಾರಿಗಳು ಮುಚ್ಚಿಹೋಗಿದ್ದವು. ಹೊಗೆಯಲ್ಲಿ ಜನ ಉಸಿರುಗಟ್ಟಿದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಗಿಲುಗಳು ಹೊರಕ್ಕೆ ತೆರೆಯುತ್ತವೆಯೇ, ಆಟ ನಡೆಯುವಾಗ ಚಿಲಕ ತೆಗೆದಿದೆಯೇ, ಮರಳಿನ ಬಕೆಟ್ಟುಗಳು ತುಂಬಿವೆಯೇ ಎಂದು ಪ್ರತಿ ಆಟಕ್ಕೂ ನಾನೇ ನಡೆದು ನೋಡುತ್ತಿದ್ದೆ. ಹೌಸ್‌ಫುಲ್ ಬೋರ್ಡು ಹಾಕಿದ ಮೇಲೆ ನಡುದಾರಿಯಲ್ಲಿ ಇನ್ನೊಂದು ಕುರ್ಚಿ ಹಾಕಿ ಎಂದು ಎಷ್ಟು ದೊಡ್ಡವರು ಕೇಳಿದರೂ ಒಪ್ಪಬಾರದು. ಟಿಕೆಟ್ ಕೊಟ್ಟು ಕತ್ತಲಲ್ಲಿ ಕೂರಿಸಿದ ಮೇಲೆ ಅವರನ್ನೆಲ್ಲ ಕ್ಷೇಮವಾಗಿ ಮನೆಗೆ ಕಳಿಸುವುದು ಮ್ಯಾನೇಜರಿನ ಮೊದಲ ಧರ್ಮ.

ಈಗ ನೆನಪಿನ ದೊಡ್ಡ ಬೀದಿಗೆ ಬರೋಣ. ಬೆಂಗಳೂರಿನ ಕೆಂಪೇಗೌಡ ರಸ್ತೆಗೆ ಕೆಲಸದ ಮೇಲೆ ಹೋದಾಗಲೆಲ್ಲ ಆ ತುದಿಯಿಂದ ಈ ತುದಿಗೆ ನಡೆದೇ ಹೋಗುತ್ತಿದ್ದೆ. ಸ್ಟೇಟ್ಸ್, ಸಾಗರ್, ಕೆಂಪೇಗೌಡ, ಸಂತೋಷ್, ನರ್ತಕಿ, ಮೇನಕಾ, ಅಭಿನಯ್, ತ್ರಿಭುವನ್, ಹಿಮಾಲಯ, ಅಲಂಕಾರ್, ಗೀತಾ, ಅನುಪಮ, ಕಪಾಲಿ ಎಲ್ಲವೂ ಆ ರಸ್ತೆಯಲ್ಲಿ, ಅದರ ಆಸುಪಾಸಿನಲ್ಲಿ. ಮಹಡಿ ಎತ್ತರದ ರಾಜಕುಮಾರರ ಕಟೌಟು, ಅದರ ಕೊರಳಿಗೆ ಏಣಿ ಹಾಕಿ ತೊಡಿಸಿದ ಹೂವಿನ ಹಾರ. 1972ರಲ್ಲಿ 'ಬಂಗಾರದ ಮನುಷ್ಯ' ಸ್ಟೇಟ್ಸ್ ಚಿತ್ರಮಂದಿರದಲ್ಲಿ ತೆರೆ ಕಂಡು ಎರಡು ವರ್ಷ ಓಡಿತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ಇಳಿದ ಯುವಕರ ಮಾತು ಆ ಸಿನಿಮಾದ ಜೊತೆ ಇವತ್ತಿಗೂ ಕೇಳಿಬರುತ್ತದೆ. ಅದನ್ನು ನೋಡಲು ಎತ್ತಿನಗಾಡಿ ಕಟ್ಟಿಕೊಂಡು ಬಂದವರನ್ನು ನಮ್ಮಂಥ ಊರುಗಳ ಟಾಕೀಸಿನವರೆಲ್ಲ ಕಂಡಿದ್ದಾರೆ. ಮುಂದೆ ಸ್ಟೇಟ್ಸ್ 'ಭೂಮಿಕಾ' ಆಯಿತು. ಬಸ್ಸಿನವರು ದಿನವೂ ಕೂಗುವ 'ಮೆಜೆಸ್ಟಿಕ್' ಕೂಡ ಅಲ್ಲಿದ್ದ ಒಂದು ಟಾಕೀಸಿನ ಹೆಸರೇ.

ಆ ಬೀದಿಯೂ ಬರಿದಾಗುತ್ತಾ ಬಂತು. 1968ರಲ್ಲಿ ಶುರುವಾದ ಕಪಾಲಿ ಸಿನೆರಾಮಾ ತೋರಿಸಿದ ದೊಡ್ಡ ಪರದೆಯ ಚಿತ್ರಮಂದಿರ. ಅದು 2017ರಲ್ಲಿ ಮುಚ್ಚಿತು. 1936ರಿಂದ ಎಂ.ಜಿ. ರಸ್ತೆಯಲ್ಲಿದ್ದ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೊ ಬಂತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ಆಡಿತು. 1974ರ ಜನವರಿಯಲ್ಲಿ 'ಬಂಗಾರದ ಪಂಜರ'ದೊಂದಿಗೆ ತೆರೆದ ಸದಾಶಿವನಗರದ ಕಾವೇರಿ, ಐವತ್ತು ವರ್ಷ ತುಂಬಿಸಿ 2024ರಲ್ಲಿ ಬಾಗಿಲು ಹಾಕಿತು. ಮೈಸೂರಿನ ಶಾಂತಲಾ ಕೊರೊನಾದ ಏಟಿನಿಂದ ಏಳಲಿಲ್ಲ. ಒಂದೊಂದು ಸುದ್ದಿ ಬಂದಾಗಲೂ ನನಗೆ ಬಂಧುಗಳ ಸಾವಿನ ಕಾಗದ ಬಂದ ಹಾಗೆ ಆಗುತ್ತದೆ.

"ಕೊಂದವರು ಯಾರು?" ಎನ್ನುತ್ತಾರೆ ಮೇಷ್ಟ್ರು. ಒಬ್ಬರಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಜನವೇ ಇರುತ್ತಿರಲಿಲ್ಲ. ಜೊತೆಗೆ ವಿಡಿಯೊ ಕ್ಯಾಸೆಟ್ಟು, ಆಮೇಲೆ ಕೇಬಲ್ಲು. 2004ರಲ್ಲಿ ಕೋರಮಂಗಲದ ಮಾಲಿಗೆ ಮಲ್ಟಿಪ್ಲೆಕ್ಸ್ ಬಂತು. ಅದರ ಮೇಲೆ ನನಗೆ ದ್ವೇಷವಿಲ್ಲ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಒಂದು ವರ್ಷಕ್ಕೂ ಮೀರಿ ಓಡಿದ್ದು ಮಲ್ಟಿಪ್ಲೆಕ್ಸಿನಲ್ಲೇ. ಕನ್ನಡಕ್ಕೆ ಅದು ಹೆಮ್ಮೆ. ಆದರೆ ಲೆಕ್ಕ ನೋಡಿ. ಮಲ್ಟಿಪ್ಲೆಕ್ಸಿನವರು ಜನ ಕಡಿಮೆಯಾದರೆ ಸಿನಿಮಾವನ್ನು ಚಿಕ್ಕ ಪರದೆಗೆ ಸರಿಸುತ್ತಾರೆ. ಸಾವಿರ ಸೀಟಿನ ಟಾಕೀಸಿನಲ್ಲಿ ನಲವತ್ತು ಜನ ಕೂತರೂ ಅದೇ ಕರೆಂಟು, ಅದೇ ಸಿಬ್ಬಂದಿ, ಅದೇ ತೆರಿಗೆ. ಹೊರಗೆ ಜಾಗದ ಬೆಲೆ ಏರುತ್ತಲೇ ಇದೆ. ಟಾಕೀಸು ಕಟ್ಟಿಸಿದ ಸಾಹುಕಾರರ ಮಕ್ಕಳಿಗೆ ವರ್ಷವಿಡೀ ಟಿಕೆಟ್ ಮಾರಿ ಬರುವುದಕ್ಕಿಂತ ಕಟ್ಟಡ ಕೆಡವಿ ಮಳಿಗೆ ಕಟ್ಟಿದರೆ ಹೆಚ್ಚು ಸಿಗುತ್ತದೆ.

ನಮ್ಮವರ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ರಾಜ್ಯದ ಬಹಳಷ್ಟು ಏಕಪರದೆ ಟಾಕೀಸುಗಳು ನಿರ್ಮಾಪಕರಿಂದ ವಾರದ ಬಾಡಿಗೆ ಕಟ್ಟಿಸಿಕೊಂಡು ಸಿನಿಮಾ ಹಾಕುವ ಪದ್ಧತಿಗೆ ಅಂಟಿಕೊಂಡವು. ಸಿನಿಮಾ ಓಡಿದರೂ ಬಾಡಿಗೆ, ಓಡದಿದ್ದರೂ ಬಾಡಿಗೆ. ಹೊಸಬನೊಬ್ಬ ಸಾಲ ಮಾಡಿ ಒಳ್ಳೆಯ ಸಿನಿಮಾ ಮಾಡಿದರೆ ಮೊದಲ ವಾರದ ಬಾಡಿಗೆಗೇ ಸುಸ್ತು. ಮಲ್ಟಿಪ್ಲೆಕ್ಸಿನಲ್ಲಿ ಬಂದ ಹಣದಲ್ಲಿ ಶೇಕಡಾವಾರು ಹಂಚಿಕೆ. ಹಾಗಾಗಿ ಅವನು ಅತ್ತ ನಡೆದ. ಲಾಭ ನಷ್ಟ ಎರಡರಲ್ಲೂ ಪಾಲು ಹಂಚಿಕೊಳ್ಳುವ ಪದ್ಧತಿಗೆ ನಾವು ಮೊದಲೇ ಬಂದಿದ್ದರೆ ಎಷ್ಟೋ ಟಾಕೀಸು ಉಳಿಯುತ್ತಿದ್ದವು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಂಗಸರಿಗೆ ಶುಚಿಯಾದ ಶೌಚಾಲಯ, ಮುರಿಯದ ಕುರ್ಚಿ, ಕುಡಿಯುವ ನೀರು, ಇವು ಮೂರನ್ನು ಕೊಡದೆ "ಕುಟುಂಬಗಳು ಬರುತ್ತಿಲ್ಲ" ಎಂದು ಗೋಳಾಡುವುದೂ ಸರಿಯಲ್ಲ.

ಉಳಿಸಿಕೊಂಡವರೂ ಇದ್ದಾರಲ್ಲ! ಲಾಲ್‌ಬಾಗ್ ರಸ್ತೆಯ ಊರ್ವಶಿಗೆ ಒಳ್ಳೆಯ ಶಬ್ದದ ಸುಖಕ್ಕಾಗಿ ಜನ ದೂರದಿಂದ ಹೋಗುತ್ತಾರೆ. ರಾಜಾಜಿನಗರದ ನವರಂಗ್ ಹೆಸರು ಹೇಳಿದರೆ ಬೆಂಗಳೂರಿಗರಿಗೆ ಬೇರೆ ಗುರುತು ಬೇಡ. ಜೈಪುರದ ರಾಜಮಂದಿರ 1976ರಿಂದಲೂ ಪ್ರವಾಸಿಗರು ಹುಡುಕಿಕೊಂಡು ಹೋಗುವ ಚಿತ್ರಮಂದಿರ. 2022ರಲ್ಲಿ 'ಕಾಂತಾರ' ಬಂದಾಗ ಊರೂರಿನ ಟಾಕೀಸಿನ ಮುಂದೆ ಅಜ್ಜಿಯರೂ ಮೊಮ್ಮಕ್ಕಳೂ ಸಾಲು ನಿಂತದ್ದನ್ನು ನಾನೇ ಹೋಗಿ ನೋಡಿದೆ. ನನ್ನ ಕಣ್ಣು ತುಂಬಿ ಬಂತು. ಜನ ಟಾಕೀಸನ್ನು ಮರೆತಿಲ್ಲ. ಕರೆಯುವಂಥ ಸಿನಿಮಾ, ಕೂರುವಂಥ ಜಾಗ, ಕೈಗೆಟುಕುವ ದರ ಸಿಕ್ಕರೆ ಬರುತ್ತಾರೆ.

ದರದ ಮಾತಿಗೆ ಒಂದು ಸೇರಿಸುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಾನೂನಿನ ವಿಚಾರ ತಿಳಿದವರು ನೋಡಿಕೊಳ್ಳಲಿ. ನಮ್ಮ ಹಳೆಯ ಟಾಕೀಸಿನಲ್ಲಿ ಇದಕ್ಕೆ ಸುಲಭದ ದಾರಿ ಇತ್ತು: ಕೊಡಬಲ್ಲವರು ಬಾಲ್ಕನಿಯಲ್ಲಿ ಕೊಡುತ್ತಿದ್ದರು, ಕೊಡಲಾರದವರು ಗಾಂಧಿ ಕ್ಲಾಸಿನಲ್ಲಿ ಕೂರುತ್ತಿದ್ದರು, ಸಿನಿಮಾ ಇಬ್ಬರಿಗೂ ಪೂರ್ತಿ ಸಿಗುತ್ತಿತ್ತು. ಕೂಲಿ ಮಾಡುವವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ದೊಡ್ಡ ಪರದೆಯಲ್ಲಿ ಸಿನಿಮಾ ನೋಡಲಾಗದ ಊರನ್ನು ಮುಂದುವರಿದ ಊರು ಎಂದು ನಾನು ಒಪ್ಪಲಾರೆ.

ಹಾಗಾಗಿ ಮೇಷ್ಟ್ರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮ್ಮೂರಲ್ಲಿ ಒಂದು ಟಾಕೀಸು ಇನ್ನೂ ಬಾಗಿಲು ತೆರೆದಿದ್ದರೆ, ಅದನ್ನು ಕೆಡವಿದ ದಿನ ಫೋಟೊ ಹಾಕಿ ಮರುಗುವುದಕ್ಕಿಂತ ಈ ವಾರವೇ ಹೋಗಿ ಟಿಕೆಟ್ ತೆಗೆದುಕೊಳ್ಳಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಕುರ್ಚಿ ಮುರಿದಿದ್ದರೆ ಮ್ಯಾನೇಜರನ್ನು ಕಂಡು ಹೇಳಿ, ಚೆನ್ನಾಗಿದ್ದರೂ ಹೇಳಿ. ಅವನಿಗೆ ಅದು ಬೇಕು. ಟಾಕೀಸು ಉಳಿಯುವುದು ನೆನಪಿನಿಂದಲ್ಲ, ಟಿಕೆಟ್ಟಿನಿಂದ.